ಪಿನ್ ಕೂತರೆ ಸಾಲದು, ಲೆವೆಲ್ಲೂ ಹೊಂದಬೇಕು

ಪುಣೆಗೆ ಬಂದ ಮೇಲೆ ನನಗೆ ಅಂಟಿಕೊಂಡ ಒಂದು ಕೆಲಸ ಅಂದ್ರೆ, ನಮ್ಮ ಕನ್ನಡದವರ ಕಾರ್ಯಕ್ರಮಗಳಲ್ಲಿ ಮೈಕು, ಮಿಕ್ಸರ್ ನೋಡಿಕೊಳ್ಳೋದು. "ನೀನು ಐಟಿಯವನಲ್ವಾ, ಇದೂ ಬರುತ್ತೆ ಬಿಡು" ಅಂತ ಎಲ್ಲರ ನಂಬಿಕೆ. ನಾನೂ ಹಾಗೇ ನಂಬಿದ್ದೆ.

ಎರಡು ವರ್ಷದ ಹಿಂದೆ ರಾಜ್ಯೋತ್ಸವಕ್ಕೆ ಗೆಳೆಯನೊಬ್ಬನ ತಂದೆ ಗದಗದಿಂದ ಬಂದಿದ್ದರು. ವಯಸ್ಸು 80ರ ಹತ್ತಿರ. ಅರ್ಧ ಗಂಟೆ ವಚನ ಹಾಡಿದರು. ಹಾಲ್‌ನಲ್ಲಿ ಧ್ವನಿ ಸೊಗಸಾಗಿತ್ತು. ಮಿಕ್ಸರ್‌ನಲ್ಲಿ ಖಾಲಿ ಇದ್ದ ಇನ್ನೊಂದು ಔಟ್‌ಪುಟ್‌ನಿಂದ ವೈರ್ ಎಳೆದು ಕ್ಯಾಮೆರಾದ ಮೈಕ್ ಇನ್‌ಪುಟ್‌ಗೆ ಸಿಕ್ಕಿಸಿದ್ದೆ. ಪಿನ್ ಸರಿಯಾಗಿ ಕೂತಿತ್ತು. ಹೆಡ್‌ಫೋನ್ ಹಾಕಿ ಕೇಳೋ ಗೋಜಿಗೆ ಹೋಗಲಿಲ್ಲ. ಮನೆಗೆ ಬಂದು ಕೇಳಿದರೆ, ಶುರುವಿಂದ ಕೊನೆವರೆಗೂ ಬರೀ ಗರಗರ.

ತಪ್ಪು ಎಲ್ಲಾಯ್ತು? ಕೋಡ್ ಕಂಪೈಲ್ ಆದ ಮಾತ್ರಕ್ಕೆ ಉತ್ತರ ಸರಿ ಅಂತಲ್ಲ ಅಲ್ವಾ, ಇದೂ ಹಾಗೇ. ವೈರ್‌ನಲ್ಲಿ ಹರಿಯೋ ಧ್ವನಿ ಅಂದ್ರೆ ವೋಲ್ಟೇಜು. ಆ ವೋಲ್ಟೇಜ್ ಎಷ್ಟಿರಬೇಕು ಅಂತ ಒಂದೊಂದು ಜಾಗಕ್ಕೆ ಒಂದೊಂದು ರೂಢಿ ಇದೆ. ಮುಖ್ಯವಾಗಿ ಮೂರು ನೆನಪಿಡಿ.

ಮೊದಲನೆಯದು ಮೈಕ್ ಲೆವೆಲ್. ಹಾಡುವವರ ಕೈಯಲ್ಲಿರೋ ಮೈಕಿನಿಂದ ಬರೋದು ಕೆಲವೇ ಮಿಲಿವೋಲ್ಟ್. ಅದಕ್ಕೇ ಮೈಕ್ ಇನ್‌ಪುಟ್‌ನ ಒಳಗೆ ಅದನ್ನು ನೂರಾರು ಪಟ್ಟು ದೊಡ್ಡದು ಮಾಡೋ ಪ್ರೀಆಂಪ್ ಇರುತ್ತೆ.

ಎರಡನೆಯದು ಲೈನ್ ಲೆವೆಲ್. ಉಪಕರಣಗಳು ತಮ್ಮತಮ್ಮಲ್ಲಿ ಮಾತಾಡೋದು ಇದರಲ್ಲೇ. ಮನೆಯ ಡಿವಿಡಿ ಪ್ಲೇಯರ್‌ನಂಥವಕ್ಕೆ ಮೈನಸ್ 10 ಡಿಬಿವಿ, ಅಂದ್ರೆ ಸುಮಾರು 0.32 ವೋಲ್ಟ್. ಸ್ಟೇಜಿನ ವೃತ್ತಿಪರ ಮಿಕ್ಸರ್‌ಗಳಿಗೆ ಪ್ಲಸ್ 4 ಡಿಬಿಯು, ಅಂದ್ರೆ ಸುಮಾರು 1.23 ವೋಲ್ಟ್. ಇವೆರಡರ ನಡುವೆಯೇ ಹತ್ತಿರ ಹತ್ತಿರ ನಾಲ್ಕು ಪಟ್ಟು ವ್ಯತ್ಯಾಸ.

ಮೂರನೆಯದು ಸ್ಪೀಕರ್ ಲೆವೆಲ್. 8 ಓಮ್ ಸ್ಪೀಕರ್‌ಗೆ 100 ವ್ಯಾಟ್ ಕೊಡೋ ಆಂಪ್ಲಿಫೈಯರ್‌ನಿಂದ ಸುಮಾರು 28 ವೋಲ್ಟ್ ಬರುತ್ತೆ. ಇದನ್ನು ಸ್ಪೀಕರ್‌ಗೆ ಬಿಟ್ಟು ಬೇರೆ ಯಾವುದಕ್ಕೂ ಸಿಕ್ಕಿಸಬೇಡಿ. ಮಿಕ್ಸರ್ ಸುಟ್ಟೇ ಹೋಗಬಹುದು.

ಈಗ ನನ್ನ ತಪ್ಪಿಗೆ ಬನ್ನಿ. 2 ಮಿಲಿವೋಲ್ಟ್ ಬರುತ್ತೆ ಅಂತ ಕಾಯ್ತಿದ್ದ ಜಾಗಕ್ಕೆ 1.23 ವೋಲ್ಟ್ ನುಗ್ಗಿದರೆ ಅದು ಸುಮಾರು 600 ಪಟ್ಟು ಜಾಸ್ತಿ. ಪ್ರೀಆಂಪ್‌ಗೆ ಅಷ್ಟೆತ್ತರದ ಅಲೆಯನ್ನು ಹಿಡಿಯೋಕೆ ಆಗಲ್ಲ, ತುದಿಯನ್ನು ಕತ್ತರಿಸಿಬಿಡುತ್ತೆ. ಇದೇ ಕ್ಲಿಪ್ಪಿಂಗ್. ಎಷ್ಟೋ ಕ್ಯಾಮೆರಾಗಳಲ್ಲಿ ರೆಕಾರ್ಡಿಂಗ್ ಲೆವೆಲ್ ಇಳಿಸಿದರೂ ಪ್ರಯೋಜನ ಇಲ್ಲ. ಅಲೆ ಅದಕ್ಕೆ ಮೊದಲೇ ತುಂಡಾಗಿರುತ್ತೆ, ಆಮೇಲೆ ಸಿಗೋದು ಸಣ್ಣ ದನಿಯ ಗರಗರ ಅಷ್ಟೇ. ಅಲ್ಲೊಂದು ಇಲ್ಲೊಂದು ಕ್ಲಿಪ್ ಆಗಿದ್ದರೆ ಸಾಫ್ಟ್‌ವೇರ್ ತೇಪೆ ಹಾಕುತ್ತೆ. ಅರ್ಧ ಗಂಟೆ ಪೂರ್ತಿ ಹಾಳಾಗಿದ್ದರೆ ಕಥೆ ಮುಗೀತು.

ತದ್ವಿರುದ್ಧ ತಪ್ಪೂ ಇದೆ. ಮೈಕನ್ನು ಲೈನ್ ಇನ್‌ಪುಟ್‌ಗೆ ಹಾಕಿದರೆ ದನಿ ಕೇಳೋದೇ ಇಲ್ಲ. ಆಮೇಲೆ ಎಳೆದು ಎತ್ತರಿಸಿದರೆ ದನಿಯ ಜೊತೆ ಸುಯ್ ಅನ್ನೋ ಸದ್ದೂ ಏಳುತ್ತೆ.

ಹಾಗಾದ್ರೆ ಏನು ಮಾಡಬೇಕು? ಕ್ಯಾಮೆರಾದಲ್ಲಿ ಲೈನ್ ಇನ್ ಆಯ್ಕೆ ಇದ್ದರೆ ಅದನ್ನೇ ಹಾಕಿ. ಇಲ್ಲದಿದ್ದರೆ ನಡುವೆ ಒಂದು ಅಟೆನ್ಯುಯೇಟರ್ ಕೇಬಲ್ ಇರಲಿ. 20 ಡಿಬಿ ಅಂದ್ರೆ ವೋಲ್ಟೇಜ್ ಹತ್ತರಲ್ಲೊಂದು ಪಾಲು, 40 ಡಿಬಿ ಅಂದ್ರೆ ನೂರರಲ್ಲೊಂದು. 40 ಡಿಬಿ ಕೇಬಲ್ ಹಾಕಿದರೆ ಆ 1.23 ವೋಲ್ಟ್ 12 ಮಿಲಿವೋಲ್ಟ್‌ಗೆ ಇಳಿಯುತ್ತೆ. ಇದು ಮೈಕಿನ ಮಟ್ಟದ ಹತ್ತಿರದ್ದೇ, ಉಳಿದಿದ್ದನ್ನು ಲೆವೆಲ್ ಗುಂಡಿಯಲ್ಲಿ ಸರಿ ಮಾಡಬಹುದು.

ಮಕ್ಕಳ ಡ್ಯಾನ್ಸ್‌ಗೆ ಲ್ಯಾಪ್‌ಟಾಪ್ ಜೋಡಿಸುವಾಗ ಮಿಕ್ಸರ್‌ನ ಸ್ಟೀರಿಯೋ ಲೈನ್ ಇನ್‌ಪುಟ್‌ಗೇ ಕೊಡಿ. ಎಡ, ಬಲ ಎರಡು ಪಿನ್ ಬೇರೆಬೇರೆ ಇರೋ ಕೇಬಲ್ ಬಳಸಿ. ಸ್ಟೀರಿಯೋ ಪಿನ್ನನ್ನು ಒಂದೇ ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಹಾಕಿದರೆ ಅದು ಎಡದಿಂದ ಬಲವನ್ನು ಕಳೆದುಬಿಡುತ್ತೆ. ಎರಡರಲ್ಲೂ ಒಂದೇ ಥರ ಇರೋ ಗಾಯಕರ ದನಿ ಮಾಯ, ಮಕ್ಕಳು ಗಲಿಬಿಲಿ.

ಕೊನೆಯದಾಗಿ, ಕಾರ್ಯಕ್ರಮಕ್ಕೆ ಮೊದಲು ಹಾಡುವವರನ್ನು ಕರೆದು ಅವರ ಅತಿ ಎತ್ತರದ ಸಾಲನ್ನು ಹಾಡಿಸಿ. ರೆಕಾರ್ಡಿಂಗ್ ಮೀಟರ್ ಮೈನಸ್ 12ರ ಆಸುಪಾಸಲ್ಲಿ ಇರಲಿ. ಒಂದು ನಿಮಿಷ ರೆಕಾರ್ಡ್ ಮಾಡಿ, ಹೆಡ್‌ಫೋನ್ ಹಾಕಿ ಕೇಳಿ. ನಾನು ಮಾಡದೇ ಬಿಟ್ಟಿದ್ದು ಆ ಒಂದು ನಿಮಿಷದ ಕೆಲಸ.

ಆ ಹಿರಿಯರಿಗೆ ಈಗ ಅಷ್ಟು ದೂರ ಪ್ರಯಾಣ ಮಾಡೋಕೆ ಆಗಲ್ಲ, ಹಾಡೋದೂ ಕಮ್ಮಿಯಾಗಿದೆಯಂತೆ. ಗೆಳೆಯ ನನಗೆ ಒಂದು ಮಾತೂ ಅನ್ನಲಿಲ್ಲ. ಆ ಫೈಲನ್ನು ಮಾತ್ರ ನಾನಿನ್ನೂ ಡಿಲೀಟ್ ಮಾಡಿಲ್ಲ. ನಿಮ್ಮ ಕೈಯಲ್ಲಿ ಇನ್ಯಾರದೋ ದನಿ ಹೀಗಾಗೋದು ಬೇಡ. ಮುಂದಿನ ವಾರ ಸಿಗೋಣ.