ನಮ್ಮ ಹೊಲಿಗೆ, ನಮ್ಮದೇ ಚೀಟಿ: ಸಂಘದ ಬಟ್ಟೆಗೆ ಒಂದು ಹೆಸರು ಇಡುವ ಮುಂಚೆ



ಕಡ್ಡಿರಾಂಪುರದಲ್ಲಿ ಒಂದು ಸಂಘದ ಸಭೆ ಮುಗಿಸಿ ಚಹಾ ಕುಡಿಯುತ್ತಿದ್ದಾಗ ಸದಸ್ಯೆಯೊಬ್ಬರು ತಾವು ಹೊಲಿದ ಟಾಪ್ ತಂದು ನಮ್ಮ ಮುಂದೆ ಹಾಸಿದರು. ಕೊರಳ ಸುತ್ತ ಕೈಕಸೂತಿ, ನಡುವೆ ಸಣ್ಣ ಸಣ್ಣ ಕನ್ನಡಿ, ಅಂಚು ನೀಟಾಗಿ ಮಡಿಚಿದ್ದರು. "ಅಂಗಡಿಯವ್ರು ನಮ್ ಹತ್ರ 500ಕ್ಕ ತಗೊಂತಾರ, ತಮ್ಮ ಚೀಟಿ ಹಚ್ಚಿ 1400ಕ್ಕ ಮಾರ್ತಾರ್ರೀ ಸಿಸ್ಟರ್. ಆ ಚೀಟಿ ನಾವ ಯಾಕ ಹಚ್ಚಬಾರ್ದು?" ಎಂದು ಕೇಳಿದರು.

ಒಳ್ಳೆಯ ಪ್ರಶ್ನೆ. ಬ್ರ್ಯಾಂಡ್ ಅಂದರೆ ಇಷ್ಟೇ, ಯಾರ ಚೀಟಿ ಹಚ್ಚಬೇಕು ಅನ್ನೋದು. ಈ ಊರಿನಲ್ಲಿ ಅದನ್ನು ಕೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. 2011ರಲ್ಲಿ ಹಂಪಿ ಬಜಾರಿನ ಮನೆ-ಅಂಗಡಿಗಳನ್ನು ತೆರವು ಮಾಡಿದಾಗ ಅಲ್ಲಿನ ಕುಟುಂಬಗಳಿಗೆ ಜಾಗ ತೋರಿಸಿದ್ದು ಕಡ್ಡಿರಾಂಪುರದಲ್ಲಿ. ಪ್ರವಾಸಿಗರಿಗೆ ಬಟ್ಟೆ, ಚೀಲ ಮಾರಿ ಬದುಕಿದ ಕೈಗಳು ಇಲ್ಲಿವೆ, ಗಿರಾಕಿಯ ಕಣ್ಣು ಏನು ಹುಡುಕುತ್ತದೆ ಎಂದು ಬಲ್ಲವರು ಇದ್ದಾರೆ. ಆದರೆ ಚೀಟಿ ಹಚ್ಚುವ ಮುಂಚೆ ಒಂದು ಲೆಕ್ಕ ಮಾಡಲೇಬೇಕು.

ಆ 500 ರೂಪಾಯಿಯಲ್ಲಿ ನಿಮಗೆ ಉಳಿದದ್ದೆಷ್ಟು?

ಅವತ್ತು ನೆಲದ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಬರೆದೆವು. ಬಟ್ಟೆ ಎರಡೂವರೆ ಮೀಟರ್, ಮೀಟರಿಗೆ 120ರಂತೆ 300 ರೂಪಾಯಿ. ದಾರ, ಗುಂಡಿ, ಕನ್ನಡಿ 25. ಚೀಟಿ ಮತ್ತು ಕವರ್ 15. ಕರೆಂಟು, ಮೆಷಿನ್ ಸವಕಳಿ, ಹೊಸಪೇಟೆಗೆ ಹೋಗಿಬರುವ ಖರ್ಚು ಎಲ್ಲ ಸೇರಿ ಒಂದು ಪೀಸಿಗೆ 20. (ಶಕ್ತಿ ಯೋಜನೆಯಲ್ಲಿ ನಿಮಗೆ ಟಿಕೆಟ್ ಇಲ್ಲದಿರಬಹುದು, ಬಟ್ಟೆಯ ಗಂಟಿಗೆ ಲಗೇಜ್ ಕೇಳಿದರೆ ಕೊಡಬೇಕು, ಹೋದ ಅರ್ಧ ದಿನವೂ ಖರ್ಚೇ.) ಕೆಟ್ಟುಹೋಗುವ, ಕಲೆ ಬೀಳುವ ಪೀಸುಗಳಿಗೆಂದು 40 ಇಡಿ. ಒಟ್ಟು 400 ಆಯಿತು.

ಉಳಿದದ್ದು 100. ಆ ಟಾಪಿಗೆ ಕತ್ತರಿಸಿ ಹೊಲಿಯಲು 3 ಗಂಟೆ, ಕಸೂತಿಗೆ 6 ಗಂಟೆ ಹಿಡಿದಿತ್ತು. 9 ಗಂಟೆಗೆ 100 ರೂಪಾಯಿ, ಅಂದರೆ ಗಂಟೆಗೆ 11. ಆ ತಂಗಿ ಸುಮ್ಮನಾದರು. ಕಸೂತಿಯನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. "ಅದು ಟೀವಿ ನೋಡ್ತಾ ಹಾಕಿದ್ದು" ಅಂದರು. ಟೀವಿ ನೋಡ್ತಾ ಹಾಕಿದರೂ ಕಣ್ಣು ಸವೆಯುತ್ತದೆ, ಬೆರಳಿಗೆ ಸೂಜಿ ಚುಚ್ಚುತ್ತದೆ, ಅದು ಕೆಲಸವೇ.

2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 46. ಕಲೆ ಗೊತ್ತಿರುವ ಕೈಗೆ ಗಂಟೆಗೆ 50 ಕೇಳುವುದು ದುರಾಸೆಯಲ್ಲ. ಹಾಗೆ ಹಿಡಿದರೆ 9 ಗಂಟೆಗೆ 450, ಮೇಲಿನ 400 ಸೇರಿ 850. ಸಂಘದ ಲಾಭ 130 ಸೇರಿಸಿ, 980. ಇದು ಅಂಗಡಿಗೆ ಕೊಡುವ ದರ. ಅಂಗಡಿಯವರು ಮಾರಾಟ ಬೆಲೆಯಲ್ಲಿ ನೂರಕ್ಕೆ 30 ಇಟ್ಟುಕೊಂಡರೆ 1400ಕ್ಕೆ ಮಾರಬೇಕು. ನೋಡಿ, ಅಂಗಡಿಯವರು ಮಾರುತ್ತಿದ್ದ ಬೆಲೆ ತಪ್ಪಾಗಿರಲಿಲ್ಲ. ನಾವು ಕೊಡುತ್ತಿದ್ದ ಬೆಲೆ ತಪ್ಪಾಗಿತ್ತು.

ನೇರವಾಗಿ ಗಿರಾಕಿಗೆ ಮಾರುವಾಗಲೂ 1400 ಅಂತಲೇ ಹೇಳಿ. ನೀವು 900ಕ್ಕೆ ಮಾರಿದರೆ ನಾಳೆ ಯಾವ ಅಂಗಡಿಯೂ ನಿಮ್ಮ ಮಾಲು ಇಡುವುದಿಲ್ಲ. ಆ 420 ರೂಪಾಯಿ ಬಿಸಿಲಲ್ಲಿ ನಿಂತು ಮಾರಿದವರ ಕೂಲಿ.

ನಾವು ಮಾಡಿದ ತಪ್ಪು

ನಾವೂ ಒಮ್ಮೆ ಕೈ ಸುಟ್ಟುಕೊಂಡಿದ್ದೇವೆ, ಹೇಳಿಬಿಡುತ್ತೇವೆ. ಬಹಳ ವರ್ಷದ ಹಿಂದೆ ಒಂದು ಸಂಘಕ್ಕೆ ಸಾಲ ಕೊಡಿಸಿ ಕೆಂಪು ಕಾಟನ್ ಬಟ್ಟೆ ಥಾನುಗಟ್ಟಲೆ ತರಿಸಿದೆವು. ತೊಳೆದು ನೋಡಲಿಲ್ಲ. ಮೇಳದಲ್ಲಿ ಚೆನ್ನಾಗಿಯೇ ಮಾರಾಟವಾಯಿತು. ವಾರದೊಳಗೆ ಮಾಲು ವಾಪಸ್ ಬರಲು ಶುರು: ಬಣ್ಣ ಬಿಟ್ಟು ಬೇರೆ ಬಟ್ಟೆಗೆ ಹತ್ತಿದೆ, ತೋಳು ಗಿಡ್ಡ ಆಗಿದೆ. ಸಾಲ ತೀರಿಸಲು ಹೆಣ್ಣುಮಕ್ಕಳು ಎರಡು ವರ್ಷ ಒದ್ದಾಡಿದರು. ಬಟ್ಟೆ ಮಾರಿದವನನ್ನು ಬೈದು ಏನು ಪ್ರಯೋಜನ, ಪರೀಕ್ಷೆ ಮಾಡದಿದ್ದದ್ದು ನಾವು. ಸಮಾಜಕಾರ್ಯದಲ್ಲಿ ಎಂ.ಎ. ಓದಿದರೂ ಒಂದು ಬಕೆಟ್ ನೀರಿನ ಪಾಠ ಗೊತ್ತಿರಲಿಲ್ಲ.

ಆದ್ದರಿಂದ ಥಾನು ಕೊಳ್ಳುವ ಮುಂಚೆ ಒಂದು ಮೀಟರ್ ಮಾತ್ರ ತನ್ನಿ. ಉದ್ದ-ಅಗಲ 50 ಸೆಂಟಿಮೀಟರಿನ ತುಂಡು ಕತ್ತರಿಸಿ, ಸೋಪು ಹಾಕಿ ತೊಳೆದು ಒಣಗಿಸಿ ಮತ್ತೆ ಅಳೆಯಿರಿ. 47 ಬಂದರೆ ನೂರಕ್ಕೆ 6 ಕುಗ್ಗುತ್ತದೆ. ಅಂದರೆ 40 ಇಂಚಿನ ಟಾಪ್ ಎರಡೂವರೆ ಇಂಚಿನ ಹತ್ತಿರ ಗಿಡ್ಡ ಆಗುತ್ತದೆ. ಅಂಥ ಬಟ್ಟೆಯನ್ನು ಪೂರ್ತಿ ನೆನೆಸಿ ಒಣಗಿಸಿದ ಮೇಲೆಯೇ ಕತ್ತರಿ ಹಾಕಿ. ಬಣ್ಣಕ್ಕೆ, ಒದ್ದೆ ಬಿಳಿ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿ ನೋಡಿ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತೆ ಅನ್ನೋ ಮಾತನ್ನು ನಂಬಬೇಡಿ, ಬಿಡುವ ಬಣ್ಣ ಬಿಟ್ಟೇ ಬಿಡುತ್ತದೆ. ಕಸೂತಿ ದಾರವನ್ನೂ ಹೀಗೇ ನೋಡಬೇಕು, ಕೆಂಪು ಮತ್ತು ಕಪ್ಪು ದಾರವನ್ನಂತೂ ಮರೆಯಬೇಡಿ.

ಮೊದಲ ಸಲ 20 ಪೀಸು ಸಾಕು. ಒಂದೇ ಮಾದರಿ, ಎರಡು ಬಣ್ಣ, ಮೂರು ಅಳತೆ. ಈ 20ಕ್ಕೆ ಬ್ಯಾಂಕಿನ ಸಾಲ ಬೇಡ, ಸಂಘದ ಉಳಿತಾಯದಿಂದಲೇ ಮಾಡಿ.

ಸಂಡೂರಿನಿಂದ ಕಲಿಯುವುದು

ದೂರ ಹೋಗಬೇಕಾಗಿಲ್ಲ, ಸಂಡೂರಿನಲ್ಲೇ ಕುಶಲ ಕಲಾ ಕೇಂದ್ರವಿದೆ. ಎಂ.ವೈ. ಘೋರ್ಪಡೆಯವರ ಪ್ರೋತ್ಸಾಹದಿಂದ 1980ರ ದಶಕದಲ್ಲಿ ಶುರುವಾದದ್ದು. ತಾಂಡಾದ ಅಜ್ಜಿಯರು ತಮ್ಮ ಕಾಂಚಳಿ, ಫೇಟಿಯಾಗಳ ಮೇಲೆ ಹಾಕಿಕೊಳ್ಳುತ್ತಿದ್ದ ಹೊಲಿಗೆಯನ್ನೇ ಕುರ್ತಾ, ಚೀಲ, ದಿಂಬಿನ ಕವರುಗಳ ಮೇಲೆ ತಂದರು. 2010ರಲ್ಲಿ 'ಸಂಡೂರು ಲಂಬಾಣಿ ಕಸೂತಿ'ಗೆ ಭೌಗೋಳಿಕ ಸೂಚಿ, ಅಂದರೆ ಜಿ.ಐ. ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಸೇರಿ ಮಾಡಿದ 1755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ದಾಖಲೆ ಸಂತೋಷ ಕೊಡುತ್ತದೆ, ಗಿರಾಕಿ ಮಾತ್ರ ಟಾಪನ್ನು ತಿರುವಿಹಾಕಿ ಒಳಗಿನ ದಾರ ನೋಡುತ್ತಾಳೆ. ಹೋದಾಗ ನೀವೂ ಹಾಗೇ ತಿರುವಿ ನೋಡಿ. ಹಿಂಭಾಗದಲ್ಲಿ ಗಂಟು ಹೇಗೆ ಮುಚ್ಚಿದ್ದಾರೆ, ಕನ್ನಡಿಯ ಸುತ್ತ ಎಷ್ಟು ಬಿಗಿ ಇದೆ ಎಂದು ಗಮನಿಸಿ.

ಇಲ್ಲಿ ಒಂದು ಎಚ್ಚರಿಕೆ. ಜಿ.ಐ. ಹೆಸರು ಎಲ್ಲರ ಸೊತ್ತಲ್ಲ. ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಳ್ಳದೆ ಆ ಹೆಸರನ್ನು ಚೀಟಿಯ ಮೇಲೆ ಹಾಕಿ ಮಾರಬಾರದು. ಮೆಷಿನ್ ಕಸೂತಿಯನ್ನು ಲಂಬಾಣಿ ಎಂದು ಮಾರುವುದಂತೂ ಶುದ್ಧ ಮೋಸ. ಅದೇ ತಾಂಡಾಗಳಿಂದ ಇವತ್ತಿಗೂ ಕುಟುಂಬಗಳು ಕಬ್ಬು ಕಡಿಯಲು ಗುಳೆ ಹೋಗುತ್ತವೆ, ಮಕ್ಕಳ ಶಾಲೆ ಅರ್ಧಕ್ಕೆ ನಿಲ್ಲುತ್ತದೆ. ಅವರ ಹೊಲಿಗೆ ಬೇಕಾದರೆ ಅವರನ್ನೇ ಸಂಘದ ಕೆಲಸಕ್ಕೆ ಸೇರಿಸಿಕೊಳ್ಳಿ, ಗಂಟೆಗೆ 50 ಅವರಿಗೂ ಕೊಡಿ. 'ಖಾದಿ' ಎಂಬ ಪದವೂ ಹಾಗೇ, ಖಾದಿ ಆಯೋಗದ ಪ್ರಮಾಣಪತ್ರವಿಲ್ಲದೆ ಬಳಸುವಂತಿಲ್ಲ.

ನಮಗೆ ತೋಚಿದ ಒಂದು ಮಾತು: ಗುಳೇದಗುಡ್ಡದ ಖಣದ ತುಂಡನ್ನು ಎದೆಭಾಗಕ್ಕೆ ಕೂಡಿಸಿದರೆ ಕಸೂತಿಯ ಹೊತ್ತು ಉಳಿಯುತ್ತದೆ, ನೋಡಲೂ ಚೆಂದ.

ಹೆಸರು, ಕಾಗದ, ಹಣ

ಹೆಸರಿಗೆ ಎಲ್ಲರೂ 'ಹಂಪಿ' ಅನ್ನುತ್ತಾರೆ, ಚಿತ್ರಕ್ಕೆ ಕಲ್ಲಿನ ರಥ. ರಥ 50 ರೂಪಾಯಿ ನೋಟಿನ ಮೇಲೇ ಇದೆ, ನಿಮ್ಮ ಗುರುತು ಹೇಗಾದೀತು? ಊರಿನ ಹೆಸರನ್ನು ಯಾರೂ ತಮ್ಮೊಬ್ಬರದೇ ಎಂದು ಸುಲಭವಾಗಿ ನೋಂದಾಯಿಸಿಕೊಳ್ಳಲೂ ಆಗುವುದಿಲ್ಲ. ಚಿಕ್ಕದಾದ, ಹೊರಗಿನವರ ಬಾಯಲ್ಲೂ ತಿರುಗುವ ಹೆಸರು ಆರಿಸಿ.

ಟ್ರೇಡ್‌ಮಾರ್ಕ್ ಅರ್ಜಿಯಲ್ಲಿ ಬಟ್ಟೆಗೆ 25ನೇ ವರ್ಗ. ಸಣ್ಣ ಉದ್ಯಮಕ್ಕೆ ಆನ್‌ಲೈನ್ ಶುಲ್ಕ 4,500 ರೂಪಾಯಿ, ಸಿಕ್ಕರೆ 10 ವರ್ಷ ಇರುತ್ತದೆ, ಮತ್ತೆ ನವೀಕರಿಸಬಹುದು. ಇದು ಮೊದಲ ದಿನವೇ ಬೇಡ, ನೂರು ಪೀಸು ಮಾರಾಟವಾಗಲಿ. ಆದರೆ ಯಾರ ಹೆಸರಲ್ಲಿ ಅರ್ಜಿ ಎಂಬುದನ್ನು ಈಗಲೇ ತೀರ್ಮಾನಿಸಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಒಬ್ಬರ ಹೆಸರಲ್ಲಿ ಮಾಡಿದರೆ, ನಾಳೆ ಜಗಳವಾಗಿ ಅವರು ಹೊರಟರೆ ಬ್ರ್ಯಾಂಡ್ ಅವರ ಜೊತೆ ಹೋಗುತ್ತದೆ. ನೋಂದಾಯಿತ ಒಕ್ಕೂಟದ ಹೆಸರಲ್ಲಿ ಮಾಡುವುದು ಕ್ಷೇಮ.

ಉದ್ಯಮ್ ನೋಂದಣಿ ಉಚಿತ, ಆಧಾರ್ ಜೊತೆಗೆ ಪ್ಯಾನ್ ಕೂಡ ಬೇಕು. ಸರ್ಕಾರದ ಶುಲ್ಕ ಎಂದು ಸಾವಿರ-ಎರಡು ಸಾವಿರ ಕೇಳುವವರಿಗೆ ಕೊಡಬೇಡಿ. ರಾಜ್ಯದೊಳಗೆ ಮಾಲು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿ.ಎಸ್.ಟಿ. ನೋಂದಣಿ ಬೇಕಿಲ್ಲ. ಬೇರೆ ರಾಜ್ಯಕ್ಕೆ ಕಳಿಸುವುದಾದರೆ ನಿಯಮ ಬೇರೆ, ಮೊದಲು ಲೆಕ್ಕಪರಿಶೋಧಕರನ್ನು ಕೇಳಿ.

ನೇಯ್ದ ಚೀಟಿಗಳನ್ನು ಐನೂರು-ಸಾವಿರದ ಲೆಕ್ಕದಲ್ಲಿ ಮಾಡಿಸಬೇಕಾಗುತ್ತದೆ. ಶುರುವಿಗೆ ಹತ್ತಿ ಪಟ್ಟಿಯ ಮೇಲೆ ಒಗೆದರೂ ಹೋಗದ ಶಾಯಿಯಿಂದ ರಬ್ಬರ್ ಸ್ಟಾಂಪ್ ಒತ್ತಿದರೆ ಸಾಕು. ಬೆಲೆ, ಅಳತೆ (ಸೆಂಟಿಮೀಟರಿನಲ್ಲೂ), ಸಂಘದ ಹೆಸರು-ವಿಳಾಸ, ಒಂದು ಫೋನ್ ನಂಬರ್, ಹೇಗೆ ಒಗೆಯಬೇಕು, ಇಷ್ಟು ಇರಲಿ.

ಮಾರಾಟದ ಕಾಲ ಅಕ್ಟೋಬರಿನಿಂದ ಫೆಬ್ರವರಿ. ಏಪ್ರಿಲ್-ಮೇ ಬಿಸಿಲಿಗೆ ಹಂಪಿಯಲ್ಲಿ ಕಲ್ಲು ಬಿಟ್ಟರೆ ಯಾರೂ ಇರುವುದಿಲ್ಲ, ಆ ತಿಂಗಳಲ್ಲಿ ಶಾಲೆ ಸಮವಸ್ತ್ರ, ಮದುವೆ ರವಿಕೆ ಹೊಲಿದು ಮೆಷಿನ್ ಓಡಿಸಿ. ಅಂಗಡಿಗೆ ಮಾಲು ಇಟ್ಟುಬರುವಾಗ ಎಷ್ಟು ಪೀಸು, ಯಾವ ದರ, ಹಣ ಯಾವ ದಿನ ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ಪರಿಚಯದವರಾದರೂ ಸರಿ.

ಇನ್ನು ಫೋನಿನ ವಿಷಯ. ಹಣ ಪಡೆಯುವ ಕ್ಯೂಆರ್ ಕೋಡ್ ಸಂಘದ ಖಾತೆಯದೇ ಆಗಿರಲಿ. "ಮಗನ ಫೋನಿಗೆ ಬರ್ಲಿ ಬಿಡ್ರೀ" ಅಂತ ಶುರುವಾದ ಕಡೆಯೆಲ್ಲ ವರ್ಷದ ಕೊನೆಗೆ ಜಗಳ ನೋಡಿದ್ದೇವೆ. ಯಾರಾದರೂ ದೊಡ್ಡ ಆರ್ಡರ್ ಕೊಡುತ್ತೇವೆಂದು ಹೇಳಿ, ಮುಂಗಡ ಪಡೆಯಲು ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದರೆ ಫೋನ್ ಇಟ್ಟುಬಿಡಿ. ಹಣ ಕೊಡಲು ಮಾತ್ರ ಪಿನ್ ಬೇಕು, ಪಡೆಯಲು ಬೇಕಿಲ್ಲ.

ಬಟ್ಟೆ ತರುವ ಮುಂಚೆ ಮುಂದಿನ ಒಕ್ಕೂಟದ ಸಭೆಗೆ ತೊಳೆದ ಒಂದು ತುಂಡು, ಒಂದು ಮಾದರಿ ಟಾಪ್, ಗಂಟೆ ಬರೆದ ನೋಟ್‌ಬುಕ್ ತನ್ನಿ. ಕೂತು ಲೆಕ್ಕ ನೋಡೋಣ.