ಕೆ.ಆರ್.ಪುರದ ದೂಳು, ಮುರುಗಮಲ್ಲದ ಕೆಮ್ಮು

ಮುರುಗಮಲ್ಲ, ಚಿಂತಾಮಣಿ ಕಡೆಯಿಂದ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿಬರುವ ನಿಮಗೆ ಹೊಸಕೋಟೆ ದಾಟುವವರೆಗೆ ಅಂಥ ತೊಂದರೆಯೇನೂ ಆಗುವುದಿಲ್ಲ. ಕೆ.ಆರ್.ಪುರದ ತೂಗುಸೇತುವೆ, ಟಿನ್ ಫ್ಯಾಕ್ಟರಿ ಹತ್ತಿರವಾದಂತೆ ಬಸ್ಸು ಆಮೆಯಂತೆ ತೆವಳತೊಡಗುತ್ತದೆ. ಮೆಟ್ರೊ ಕಂಬಗಳ ಕೆಲಸ, ಸುತ್ತ ತಗಡಿನ ಬೇಲಿ, ಉಳಿದ ಕಿಷ್ಕಿಂಧೆಯಲ್ಲಿ ಲಾರಿ, ಬಸ್ಸು, ಆಟೊಗಳ ನೂಕುನುಗ್ಗಲು. ‘ಈ ಮೆಟ್ರೊ ಮುಗಿಯುವುದರೊಳಗೆ ನಾವೇ ಮುಗಿದುಹೋಗುತ್ತೇವೆ’ ಎಂದು ಗೊಣಗುವವರನ್ನು ನೀವು ಕೇಳಿರಬಹುದು. ನೀವೇ ಗೊಣಗಿರಲೂಬಹುದು!

ಈ ಬೇಸರಕ್ಕೆ ಕಾರಣವಿದೆ. ಬೆಂಗಳೂರಿಗೆ ಕಂಬಗಳ ಮೇಲೆ ಓಡುವ ಲಘು ರೈಲು ಬೇಕೆಂದು ಸರ್ಕಾರ 1994ರಲ್ಲೇ ಒಂದು ಕಂಪನಿ ಸ್ಥಾಪಿಸಿತ್ತು. ಯೋಜನೆ ಕಾಗದದಲ್ಲೇ ಉಳಿಯಿತು. ‘ನಮ್ಮ ಮೆಟ್ರೊ’ಗೆ ಶಂಕುಸ್ಥಾಪನೆ ಆದದ್ದು 2006ರ ಜೂನ್‌ನಲ್ಲಿ, ಮೊದಲ 6.7 ಕಿ.ಮೀ. ಓಡಾಟ ಶುರುವಾದದ್ದು 2011ರ ಅಕ್ಟೋಬರ್‌ನಲ್ಲಿ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್.ಪುರ, ಹೆಬ್ಬಾಳದ ಮೂಲಕ ವಿಮಾನ ನಿಲ್ದಾಣಕ್ಕೆ ಹೋಗುವ ಮಾರ್ಗಕ್ಕೆ ಕೇಂದ್ರ ಸಂಪುಟ ಒಪ್ಪಿದ್ದು 2021ರ ಏಪ್ರಿಲ್‌ನಲ್ಲಿ. 2023ರ ಜನವರಿ 10ರಂದು ನಾಗವಾರದ ಬಳಿ ಇದೇ ಮಾರ್ಗದ ಕಂಬವೊಂದರ ಕಬ್ಬಿಣದ ಚೌಕಟ್ಟು ಉರುಳಿ ಒಬ್ಬ ತಾಯಿ ಮತ್ತು ಆಕೆಯ ಎಳೆಯ ಮಗು ಸತ್ತರು. ಅಂಥ ಸಾವು ಎಲ್ಲರ ಕಣ್ಣಿಗೂ ಬೀಳುತ್ತದೆ. ದಿನವೂ ಮೈಯೊಳಗೆ ಆಗುವ ಹಾನಿ ಹಾಗಲ್ಲ.

ಮೊದಲು ದೂಳು. ಅಗೆದ ಮಣ್ಣು, ಸಿಮೆಂಟಿನ ದಪ್ಪ ಕಣಗಳನ್ನು ಮೂಗು ತಡೆಯುತ್ತದೆ. 2.5 ಮೈಕ್ರಾನಿಗಿಂತ ಸಣ್ಣ ಕಣಗಳು ನೇರವಾಗಿ ಶ್ವಾಸಕೋಶದ ಗಾಳಿಚೀಲಗಳಿಗೆ ಇಳಿಯುತ್ತವೆ. ನಿಂತಲ್ಲೇ ನಿಂತ ವಾಹನಗಳ ಹೊಗೆಯಲ್ಲಿ ಇವು ಹೇರಳ. ಒಂದು ಘನ ಮೀಟರ್ ಗಾಳಿಯಲ್ಲಿ ಇವುಗಳ ದಿನದ ಸರಾಸರಿ 60 ಮೈಕ್ರೊಗ್ರಾಂ ಮೀರಬಾರದೆಂದು ನಮ್ಮ ದೇಶದ ನಿಯಮ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ 15 ಮಾತ್ರ. ಮೂಗಿಗೆ ಹಿಡಿದ ಸೆರಗು, ಕರವಸ್ತ್ರ ಇಂಥ ಕಣಗಳನ್ನು ತಡೆಯಲಾರವು. ಮೂಗು, ಗಲ್ಲಕ್ಕೆ ಬಿಗಿಯಾಗಿ ಕೂರುವ ಎನ್‌-95 ಮುಸುಕು ತಡೆಯುತ್ತದೆ. ಆಸ್ತಮಾ ಇರುವವರು ಇನ್‌ಹೇಲರ್ ಅನ್ನು ಬಸ್ಸಿನ ಮೇಲಿಟ್ಟ ಚೀಲದಲ್ಲಿ ಅಲ್ಲ, ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಊರಿಗೆ ಮರಳಿದ ಮೇಲೂ ಕೆಮ್ಮು ಎರಡು ವಾರ ಬಿಡದಿದ್ದರೆ ‘ಮೆಟ್ರೊ ದೂಳು’ ಎಂದು ನೀವೇ ತೀರ್ಮಾನಿಸಬೇಡಿ. ಕ್ಷಯದ ಕೆಮ್ಮೂ ಹೀಗೇ ಇರುತ್ತದೆ. ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಇನ್ನೊಂದು ಸಂಗತಿಯನ್ನು ಹೆಂಗಸರು ಬಾಯಿಬಿಟ್ಟು ಹೇಳುವುದಿಲ್ಲ. ದಾರಿಯಲ್ಲಿ ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕೋ ತಿಳಿಯದೆ, ಮೂತ್ರಕ್ಕೆ ಹೋಗಲು ಜಾಗವಿಲ್ಲದೆ, ಬೆಳಗಿನಿಂದ ನೀರನ್ನೇ ಕುಡಿಯದೆ ಹೊರಡುತ್ತಾರೆ. ಬಂದ ಮೂತ್ರವನ್ನೂ ಗಂಟೆಗಟ್ಟಲೆ ತಡೆಯುತ್ತಾರೆ. ಇದರಿಂದ ಉರಿಮೂತ್ರ, ಸೋಂಕು. ಬೇಸಿಗೆಯಲ್ಲಿ ಮೂತ್ರಪಿಂಡದ ಕಲ್ಲು. ಗರ್ಭಿಣಿಯರಿಗಂತೂ ಸೋಂಕು ಮೂತ್ರಪಿಂಡಕ್ಕೆ ಏರಿದರೆ ಅವಧಿಗೆ ಮೊದಲೇ ಹೆರಿಗೆಯಾಗುವ ಅಪಾಯ. ನೀರು ಬಿಡುವುದು ಉಪಾಯವಲ್ಲ. ಗುಟುಕು ಗುಟುಕಾಗಿ ಕುಡಿಯುತ್ತಿರಿ, ಹೊಸಕೋಟೆ ನಿಲ್ದಾಣದಲ್ಲಿ ಅವಸರವಿಲ್ಲದಿದ್ದರೂ ಇಳಿದು ಹೋಗಿಬನ್ನಿ. (ಕಂಬಕ್ಕೆ ಸುರಿಯುವ ಹಣದಲ್ಲಿ ಒಂದು ಚೂರನ್ನು ದಾರಿಬದಿಯ ಶೌಚಾಲಯಕ್ಕೆ ಯಾಕೆ ಇಡಬಾರದೋ!)

ಸಕ್ಕರೆ ಕಾಯಿಲೆಯವರು ಮತ್ತೂ ಎಚ್ಚರದಿಂದಿರಬೇಕು. ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು ‘ಬೆಂಗಳೂರಲ್ಲೇ ತಿಂದರಾಯಿತು’ ಎಂದು ಹೊರಟು ದಾರಿಯಲ್ಲಿ ಸಿಕ್ಕಿಬಿದ್ದರೆ ರಕ್ತದ ಸಕ್ಕರೆ ದಿಢೀರನೆ ಇಳಿಯುತ್ತದೆ. ಬೆವರು, ನಡುಕ, ಕಣ್ಣು ಮಂಜಾಗುವುದು, ಅರ್ಥವಿಲ್ಲದ ಸಿಟ್ಟು ಇದರ ಲಕ್ಷಣಗಳು. ಪಕ್ಕದವರು ಟ್ರಾಫಿಕ್ಕಿನ ಸಿಟ್ಟೆಂದೇ ತಿಳಿಯುತ್ತಾರೆ! ಕೂಡಲೇ ಮೂರು ಚಮಚ ಸಕ್ಕರೆ ತಿನ್ನಬೇಕು. ಆಮೇಲೆ ಬಿಸ್ಕತ್ತೋ ಕಡಲೆಕಾಯಿಯೋ. ಸಕ್ಕರೆಯ ಪೊಟ್ಟಣ ಚೀಲದಲ್ಲಿರಲಿ.

ಕುಳಿತಲ್ಲೇ ಕಾಲು ಬಾತರೆ ಹಿಮ್ಮಡಿ ಎತ್ತಿ ಇಳಿಸಿ, ಮೀನಖಂಡಕ್ಕೆ ಕೆಲಸ ಕೊಡಿ. ಒಂದೇ ಕಾಲು ಬಾತು ನೋಯುತ್ತಿದ್ದರೆ ವೈದ್ಯರನ್ನು ಕಾಣಿ, ರಕ್ತ ಹೆಪ್ಪುಗಟ್ಟಿರಬಹುದು.

ಎದೆನೋವಿನ ವಿಷಯ ಹಾಗಲ್ಲ. ‘ಸೀದಾ ಬೆಂಗಳೂರಿಗೇ ಹೋಗೋಣ’ ಎಂದು ಕಾರು ಮಾಡಿಕೊಂಡು ಹೊರಡುವುದು ನಮ್ಮ ಕಡೆ ರೂಢಿ. ಚಿಂತಾಮಣಿಯಿಂದ ಬೆಂಗಳೂರು ಸುಮಾರು 75 ಕಿ.ಮೀ.; ಅದರಲ್ಲಿ ಕೊನೆಯ ಕೆಲವು ಕಿಲೊಮೀಟರೇ ಜೀವಕ್ಕೆ ಎರವಾಗಬಹುದು. 108ಕ್ಕೆ ಫೋನ್ ಮಾಡಿ, ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಹೆಪ್ಪು ಕರಗಿಸುವ ಚುಚ್ಚುಮದ್ದು ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟರೇ ಹೆಚ್ಚು ಫಲ. ಬಾಯಿ ಸೊಟ್ಟಗಾಗಿ, ಮಾತು ತೊದಲಿ, ಒಂದು ಕೈ ಸೋತರೆ ಪಾರ್ಶ್ವವಾಯು. ಇದಕ್ಕೆ ಇರುವ ಗಡುವು ನಾಲ್ಕೂವರೆ ಗಂಟೆ. ಸಿ.ಟಿ. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಗೇ ಒಯ್ಯಬೇಕು.

ತುರ್ತಿಲ್ಲದ ತಪಾಸಣೆಗೆ ಹೋಗುವವರಿಗೆ, ಜನ ಬೈಯುವ ಮೆಟ್ರೊ ಈಗ ಉಪಕಾರಿಯೇ. 2023ರ ಅಕ್ಟೋಬರ್‌ನಿಂದ ಕೆ.ಆರ್.ಪುರದಲ್ಲೇ ರೈಲು ಹತ್ತಿ ಮೆಜೆಸ್ಟಿಕ್ ತಲುಪಬಹುದು. ಅಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಕೆ.ಆರ್.ಮಾರುಕಟ್ಟೆಯಲ್ಲಿ ಇಳಿದರೆ ವಿಕ್ಟೋರಿಯಾ ಆಸ್ಪತ್ರೆ ಪಕ್ಕದಲ್ಲೇ. ಜಯದೇವಕ್ಕೆ ಹೋಗುವವರು ಆರ್.ವಿ.ರಸ್ತೆಯಲ್ಲಿ ಮತ್ತೆ ಬದಲಿಸಿ, 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗ ಹಿಡಿಯಬೇಕು. ಮಂಡಿನೋವಿನವರು ಲಿಫ್ಟ್ ಎಲ್ಲಿದೆಯೆಂದು ಕೇಳಿಕೊಂಡೇ ಮುಂದೆ ಹೆಜ್ಜೆಯಿಡಿ. ವಾರಕ್ಕೆ ಎರಡು, ಮೂರು ಬಾರಿ ಡಯಾಲಿಸಿಸ್‌ಗೆ ಬೆಂಗಳೂರಿಗೆ ಅಲೆಯುತ್ತಿರುವವರು ಚಿಂತಾಮಣಿಯಲ್ಲೋ ಕೋಲಾರದಲ್ಲೋ ಜಾಗ ಸಿಗುವುದೇ ಎಂದು ಈ ವಾರವೇ ವಿಚಾರಿಸಿ.