ಕಾರಿನ ಪ್ಲಗ್ಗುಗಳನ್ನು ನಾವೇ ಬದಲಿಸುವುದು

ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದಕ್ಕೆ ನಮ್ಮ ಹಿರಿಯರು ಯಾರನ್ನೂ ಕರೆಯುತ್ತಿರಲಿಲ್ಲ. ಈಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸುತ್ತಿನ ಹಳ್ಳಿಗಳಲ್ಲಿಯೂ ಮನೆಯ ಮುಂದೆ ಕಾರು ನಿಂತಿದೆ. ಆದರೆ ಅದರ ಬಾನೆಟ್ಟು ಎತ್ತಬೇಕೆಂದರೆ ಕೈ ಅಳುಕುತ್ತದೆ. ಎಲ್ಲ ಕೆಲಸವನ್ನೂ ನಾವೇ ಮಾಡಬೇಕೆಂದು ನನ್ನ ಹಟವಿಲ್ಲ. ಪ್ಲಗ್ಗು ಬದಲಿಸುವುದು ಮಾತ್ರ ಒಂದು ತಾಸಿನ ಕೆಲಸ.

ನಾನು ಇದನ್ನು ಕಲಿತದ್ದು ದಂಡ ತೆತ್ತು. ಕೆಲವು ವರ್ಷಗಳ ಹಿಂದೆ ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದೆ. ಸವದತ್ತಿ ದಾಟಿ ಏರು ಹತ್ತುವಾಗ ಎಂಜಿನ್ನು ಗಡಗಡ ನಡುಗತೊಡಗಿತು. ಎದುರಿನ ಫಲಕದಲ್ಲಿ ಹಳದಿ ದೀಪವೊಂದು ಮಿಣುಕಿತು. ದೇವರ ಕಾರ್ಯಕ್ಕೆ ಹೊರಟವನಿಗೆ ದೀಪದ ಗೊಡವೆ ಏಕೆಂದು ಇನ್ನಷ್ಟು ಜೋರಾಗಿ ತುಳಿದೆ. ಎರಡು ದಿನ ಹಾಗೆಯೇ ಓಡಿಸಿ ಊರಿಗೆ ಮರಳಿದ ಮೇಲೆ ಮೇಸ್ತ್ರಿ ಕೇಳಿದ ಮೊದಲ ಮಾತು, "ಸರ, ಪ್ಲಗ್ ಹಾಕಿಸಿ ಎಷ್ಟು ವರ್ಷ ಆತ್ರೀ?" ನನಗೆ ನೆನಪಿರಲಿಲ್ಲ. ಒಂದು ಪ್ಲಗ್ಗು ಕಿಡಿ ಕೊಡದೆ, ಸುಡದ ಪೆಟ್ರೋಲು ಹೊಗೆಕೊಳವೆಗೆ ಹೋಗಿ, ಅಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಕನ್ವರ್ಟರಿನೊಳಗೆ ಉರಿದು ಅದನ್ನೇ ಹಾಳುಮಾಡಿತ್ತು. ಮೂರು ಪ್ಲಗ್ಗುಗಳ ಬೆಲೆ ಅದರ ರಿಪೇರಿಯ ಮುಂದೆ ಚಿಲ್ಲರೆ ದುಡ್ಡು. ಆ ಹಳದಿ ದೀಪ ಮಿಣುಕಿದರೆ ವೇಗ ತಗ್ಗಿಸಿ ಗಾಡಿ ನಿಲ್ಲಿಸುವುದೇ ಸರಿ.

ಪ್ಲಗ್ಗಿನ ಕೆಲಸವಾದರೂ ಏನು? ಬ್ಯಾಟರಿಯ 12 ವೋಲ್ಟನ್ನು ಕಾಯಿಲು ಹಲವು ಸಾವಿರ ವೋಲ್ಟುಗಳಿಗೆ ಏರಿಸುತ್ತದೆ. ಆ ವಿದ್ಯುತ್ತು ಪ್ಲಗ್ಗಿನ ತುದಿಯ ಸಣ್ಣ ಸಂದನ್ನು ಜಿಗಿಯುವಾಗ ಕಿಡಿ ಹಾರಿ, ಗಾಳಿ ಬೆರೆತ ಪೆಟ್ರೋಲು ಹೊತ್ತಿಕೊಳ್ಳುತ್ತದೆ. ಹಳೆಯ ಗಾಡಿಗಳಲ್ಲಿ ಈ ಸಂದು ಸುಮಾರು 0.6 ಮಿಲಿಮೀಟರ್ ಇರುತ್ತಿತ್ತು. ಇಂದಿನ ಅನೇಕ ಕಾರುಗಳಲ್ಲಿ 1 ಮಿಲಿಮೀಟರಿನ ಆಜುಬಾಜು. ದಿನ ಕಳೆದಂತೆ ತುದಿ ಸವೆದು ಸಂದು ಅಗಲವಾಗುತ್ತದೆ, ಕಿಡಿಗೆ ಜಿಗಿಯುವುದು ಕಷ್ಟವಾಗುತ್ತದೆ. ಟ್ರ್ಯಾಕ್ಟರಿನಲ್ಲಿ ಇದನ್ನು ಹುಡುಕಬೇಡಿರಿ. ಡೀಸೆಲ್ಲು ಒತ್ತಡದ ಕಾವಿನಿಂದಲೇ ಹೊತ್ತಿಕೊಳ್ಳುತ್ತದೆ. 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಕೋ ಕಾರಖಾನೆಯ ಪ್ಲಗ್ಗುಗಳು ಒಂದು ಕಾಲಕ್ಕೆ ಊರೂರ ಅಂಗಡಿಯಲ್ಲಿ ಇರುತ್ತಿದ್ದವು; 2008ರಲ್ಲಿ ಆ ಕಂಪನಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು.

ಸಾಮಾನ್ಯ ನಿಕಲ್ ತುದಿಯ ಪ್ಲಗ್ಗು 30-40 ಸಾವಿರ ಕಿಲೋಮೀಟರ್ ಬಾಳುತ್ತದೆ. ಇರಿಡಿಯಮ್ ತುದಿಯದು ಒಂದು ಲಕ್ಷದವರೆಗೂ ಹೋಗಬಲ್ಲದು. ಸಿಎನ್‌ಜಿ ಹಾಕಿಸಿದ ಗಾಡಿಯಲ್ಲಿ ಬೇಗ ಸವೆಯುತ್ತದೆ. ಕೊಳ್ಳುವಾಗ ಕಾರಿನ ಕೈಪಿಡಿಯಲ್ಲಿರುವ ನಂಬರನ್ನೇ ಕೇಳಬೇಕು. ಎನ್‌ಜಿಕೆ ಪ್ಲಗ್ಗಿನಲ್ಲಿ ಕಾವಿನ ಅಂಕಿ ಏರಿದಷ್ಟೂ ಪ್ಲಗ್ಗು ತಂಪು. ಬಾಷ್‌ನಲ್ಲಿ ಅಂಕಿ ಏರಿದಷ್ಟೂ ಬಿಸಿ. ಅಂದಾಜಿನಲ್ಲಿ ಕೊಂಡವರು ಮೋಸಹೋಗುವುದು ಇಲ್ಲಿಯೇ. ನಕಲಿ ಮಾಲೂ ಉಂಟು, ರಸೀದಿ ಇಲ್ಲದೆ ಕೊಳ್ಳಬೇಡಿರಿ.

ಎಂಜಿನ್ನು ಪೂರ್ಣ ಆರಿರಬೇಕು. ಇದನ್ನು ಒತ್ತಿ ಹೇಳುವ ಕಾರಣವೆಂದರೆ, ಪ್ಲಗ್ಗು ಕೂಡುವ ಮೇಲಿನ ಭಾಗ ಅಲ್ಯೂಮಿನಿಯಮ್ಮಿನದು. ಬಿಸಿಯಲ್ಲಿ ಬಿಚ್ಚಹೋದರೆ ಅದರ ಸುರುಳಿಯೇ ಕಿತ್ತು ಬಂದೀತು. ಬೆಳಗಿನ ತಂಪು ಹೊತ್ತೇ ಒಳ್ಳೆಯದು. ಬಹಳಷ್ಟು ಹೊಸ ಕಾರುಗಳಲ್ಲಿ ಒಂದೊಂದು ಪ್ಲಗ್ಗಿನ ತಲೆಯ ಮೇಲೆ ಒಂದೊಂದು ಕಾಯಿಲು ಕೂತಿರುತ್ತದೆ. ಕೀಲಿ ತೆಗೆದು ಕಿಸೆಯಲ್ಲಿಟ್ಟುಕೊಂಡು, ತಂತಿಯ ಕೊಂಡಿಯನ್ನು ಒತ್ತಿ ಬಿಡಿಸಿ, ಬೋಲ್ಟು ತೆಗೆದು, ಕಾಯಿಲನ್ನು ತುಸು ಹೊರಳಿಸಿ ನೆಟ್ಟಗೆ ಮೇಲೆತ್ತಬೇಕು. ತಂತಿ ಹಿಡಿದು ಜಗ್ಗಬಾರದು.

ಇಲ್ಲಿ ನಮ್ಮ ಎರೆಭೂಮಿಯವರು ಒಂದು ಗಳಿಗೆ ನಿಲ್ಲಬೇಕು. ಬೇಸಗೆಯಲ್ಲಿ ಹೊಲದ ದಾರಿ ತುಳಿದ ಗಾಡಿಯಲ್ಲಿ ಆ ಕುಳಿಯೊಳಗೆ ಧೂಳು ತುಂಬಿರುತ್ತದೆ. ಹಾಗೆಯೇ ಪ್ಲಗ್ಗು ಬಿಚ್ಚಿದರೆ ಧೂಳೆಲ್ಲ ಸಿಲಿಂಡರಿಗೆ ಇಳಿದು ಅದರ ಗೋಡೆಯನ್ನು ಉಜ್ಜುತ್ತದೆ. ಸೈಕಲ್ ಪಂಪಿನಿಂದಾದರೂ ಸರಿ, ಗಾಳಿ ಹೊಡೆದು ಕುಳಿ ಸ್ವಚ್ಛಮಾಡಿಯೇ ಪಾನಾ ಇಳಿಸಿರಿ. ಅನೇಕ ಕಾರುಗಳಿಗೆ 16 ಮಿಲಿಮೀಟರಿನ ಪ್ಲಗ್ ಪಾನಾ ಹೊಂದುತ್ತದೆ, ಕೆಲವಕ್ಕೆ 14ರದು. ಒಮ್ಮೆಗೆ ಒಂದೇ ಪ್ಲಗ್ಗು ತೆಗೆಯಿರಿ; ಬಂದ ಕ್ರಮದಲ್ಲಿಯೇ ಹಳೆಯವನ್ನು ಸಾಲಾಗಿ ಇಡಿರಿ.

ಹೊಸ ಪ್ಲಗ್ಗಿನ ಸಂದನ್ನು ಫೀಲರ್ ಗೇಜಿನಿಂದ ನೋಡಬಹುದು, ಆದರೆ ಇರಿಡಿಯಮ್ಮಿನ ತುದಿ ಸೂಜಿಯಂತೆ ಸಣ್ಣದು, ಅದನ್ನು ಮೀಟಬಾರದು. ಉಸುಕಿನ ಕಾಗದದಿಂದ ತಿಕ್ಕುವ ಹಳೆಯ ರೂಢಿಯೂ ಇದಕ್ಕೆ ಸಲ್ಲದು. ಪ್ಲಗ್ಗನ್ನು ಮೊದಲು ಬೆರಳಿನಿಂದಲೇ ತಿರುವಬೇಕು. ಕುಳಿ ಆಳವಾಗಿದ್ದರೆ ಅದರ ತಲೆಗೆ ಒಂದು ಗೇಣು ರಬ್ಬರ್ ನಳಿಗೆ ಸಿಕ್ಕಿಸಿ ತಿರುವಿರಿ. ಸುರುಳಿ ಅಡ್ಡ ಹೊಕ್ಕರೆ ರಬ್ಬರು ಜಾರುತ್ತದೆ, ಲೋಹ ಕೆಡುವುದಿಲ್ಲ. ಬುಡ ಮುಟ್ಟಿದ ಮೇಲೆ ಕೈಪಿಡಿಯ ಅಳತೆಗೆ ಟಾರ್ಕ್ ಪಾನಾದಿಂದ ಬಿಗಿಯುವುದು ಉತ್ತಮ. ಅದಿಲ್ಲದವರಿಗೆ ಇನ್ನೆಷ್ಟು ಸುತ್ತು ತಿರುವಬೇಕೆಂಬುದು ಪ್ಲಗ್ಗಿನ ಡಬ್ಬಿಯ ಮೇಲೆಯೇ ಚಿತ್ರಸಹಿತ ಅಚ್ಚಾಗಿರುತ್ತದೆ. ವಾಶರು ಇರುವ 14 ಮಿಲಿಮೀಟರ್ ಸುರುಳಿಯದಕ್ಕೆ ಅರ್ಧದಿಂದ ಮುಕ್ಕಾಲಿನೊಳಗೆ. ರಟ್ಟೆಯ ಬಲ ತೋರಿಸುವ ಜಾಗ ಇದಲ್ಲ.

ಹಳೆಯ ಪ್ಲಗ್ಗುಗಳನ್ನು ಎಸೆಯುವ ಮೊದಲು ಬಿಸಿಲಿಗೆ ಹಿಡಿದು ನೋಡಿರಿ. ತುದಿ ತಿಳಿಗಂದು ಅಥವಾ ಬೂದುಬಣ್ಣವಿದ್ದರೆ ಎಂಜಿನ್ನು ಕ್ಷೇಮ. ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ನಮ್ಮ ಕಡೆ ಮೊದಲು ಗಾಳಿಯ ಫಿಲ್ಟರನ್ನೇ ಬಿಚ್ಚಿ ನೋಡತಕ್ಕದ್ದು. ಎಣ್ಣೆ ಅಂಟಿದ್ದರೆ ಅದು ಮೇಸ್ತ್ರಿಯ ಕೆಲಸ. ಬಿಳಿಯಾಗಿ ಬೊಕ್ಕೆಯೆದ್ದಿದ್ದರೆ ಅತಿ ಕಾವು. ಪಿಂಗಾಣಿಯ ಬುಡಕ್ಕೆ, ಹೊರಗಡೆ, ಕಂದುಬಣ್ಣದ ಉಂಗುರವಿದ್ದರೆ ಮಾತ್ರ ಹೆದರಬೇಡಿರಿ. ಹೆಚ್ಚಿನ ವೋಲ್ಟೇಜಿಗೆ ಎಣ್ಣೆಯ ಕಣಗಳು ಅಲ್ಲಿ ಅಂಟಿಕೊಂಡಿರುತ್ತವೆ, ಅಷ್ಟೇ. ನಾನು ಅದನ್ನೇ ಬಿರುಕೆಂದು ತಿಳಿದು ಒಂದು ಒಳ್ಳೆಯ ಪ್ಲಗ್ಗನ್ನು ಎಸೆದಿದ್ದೆನು.

ಕಾಯಿಲುಗಳನ್ನು ಕೂಡಿಸಿ, ಕೊಂಡಿಗಳು ಟಕ್ಕೆಂದು ಕೂತವೆಯೇ ನೋಡಿ, ಎಂಜಿನ್ನು ಹಚ್ಚಿರಿ. ನಡುಗಿದರೆ ಒಂದು ಕೊಂಡಿ ಸಡಿಲಿದೆಯೆಂದೇ ತಿಳಿದು ಆರಿಸಿ ನೋಡಬೇಕು. ಅಂದಿನ ತಾರೀಖು ಮತ್ತು ಮೀಟರಿನ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಕೈಪಿಡಿಯೊಳಗೆ ಇಟ್ಟುಬಿಡಿ. ಮೇಸ್ತ್ರಿ ಕೇಳಿದಾಗ ಹೇಳಲು ಬರುತ್ತದೆ.